ಒದ್ದೆ ಬಟ್ಟೆ ಹೊದಿಸದ ರೊಟ್ಟಿ

ಬೆಳಕು ಹರಿಯುವ ಮುಂಚೆಯೇ ರೊಟ್ಟಿಯಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾರೆ. ಕೈಯಲ್ಲಿ ಅಂಚು ಹರಿತವಾದ ಉಕ್ಕಿನ ಬಳೆ, ಮುಂದೆ ಕಾಗದದಷ್ಟು ತೆಳ್ಳಗಿನ ರೊಟ್ಟಿಯ ಹಾಳೆ. ಹಾಳೆಯ ಮೇಲೆ ಬಳೆ ಒತ್ತಿದರೆ ದುಂಡನೆಯ ಬಿಲ್ಲೆ ಬೀಳಬೇಕು. ಇವತ್ತು ಹಾಳೆ ಚಟ್ಟನೆ ಒಡೆಯುತ್ತದೆ. ಇನ್ನೊಂದು ಒತ್ತುತ್ತಾರೆ. ಅದೂ ಚೂರು.

ಚರ್ಚಿನ ಪೀಠದ ಮೇಲೆ ಗುರುಗಳು ಎತ್ತಿ ಹಿಡಿಯುವ ರೊಟ್ಟಿ ಹುಟ್ಟುವುದು ಈ ಮನೆಯಲ್ಲಿ. ಪರಮಪ್ರಸಾದವೆಂದು ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುವವರಿಗೆ ಬೇಯಿಸಿದ ಕೈ ಯಾವುದೆಂಬ ನೆನಪಿರುವುದಿಲ್ಲ. ಗೋಧಿಹಿಟ್ಟು, ನೀರು, ಅಷ್ಟೇ. ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಶಿಲುಬೆ ಕೊರೆದ, ಕಾದ ಎರಡು ಕಬ್ಬಿಣದ ಹಂಚುಗಳ ನಡುವೆ ಹಿಟ್ಟು ಸುರಿದು ಅದುಮಬೇಕು. ಬೆಂದದ್ದನ್ನು ರಾತ್ರಿಯಿಡೀ ಒದ್ದೆ ಬಟ್ಟೆಯಡಿ ಮಲಗಿಸಬೇಕು. "ಹಸುಗೂಸಿನ ಹಾಗೆ. ಹೊದಿಕೆ ತಪ್ಪಿದ್ರೆ ಒಣಗಿ ಒಡೆಯತ್ತೆ," ಎನ್ನುತ್ತಾರೆ ರೊಟ್ಟಿಯಮ್ಮ.

ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಇದು. ಇದ್ದೊಬ್ಬ ಮಗಳು ಕನ್ಯಾಮಠ ಸೇರಿದಾಗ, ಕರುಳಕುಡಿಯನ್ನೇ ದೇವರಿಗೆ ಒಪ್ಪಿಸಿದ ತಾಯಿ ಎಂದು ಜನ ಹೊಗಳಿದರು, ಚರ್ಚಿನಲ್ಲಿ ಮುಂದಿನ ಬೆಂಚು ಬಿಟ್ಟುಕೊಟ್ಟರು. "ನಿನ್ನ ಚಿತ್ತದಂತೆ ಆಗಲಿ ಅಂತ ಬಾಯಲ್ಲಿ ಹೇಳ್ತಿದ್ದೆ. ಆ ಬೆಂಚಲ್ಲಿ ಕೂತಾಗ ಬೆನ್ನು ಎಷ್ಟು ನೆಟ್ಟಗಾಗ್ತಿತ್ತು ಅನ್ನೋದು ನನಗೇ ಗೊತ್ತು."

ಹೋದ ತಿಂಗಳು, ಬದುಕಿಡೀ ಮಠಕ್ಕೆ ಕಟ್ಟುವ ಕೊನೆಯ ವ್ರತ ಸ್ವೀಕರಿಸುವ ಮುಂಚೆ, ಮಗಳು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಳು. ಯಾರೂ ಏನೂ ಅಂದಿಲ್ಲ, ದೇವರ ಮೇಲೆ ಮುನಿಸೂ ಇಲ್ಲ, ಆ ಬದುಕು ತನ್ನದಲ್ಲ ಅನ್ನಿಸಿತು ಎಂದಳು. ತಾಯಿ ಅವಳನ್ನು ಹಿತ್ತಿಲ ಬಾಗಿಲಿಂದ ಬರಹೇಳಿದರು. ಕೇಳಿದವರಿಗೆಲ್ಲ, ಮಗಳು ಮಠದಲ್ಲಿ ಸುಖವಾಗಿದ್ದಾಳೆ ಎಂಬ ಉತ್ತರ. ಮಠ ಬಿಟ್ಟು ಬಂದ ಕೈ ಈ ಹಿಟ್ಟು ಮುಟ್ಟಕೂಡದೆಂದು ಅವಳಿಗೆ ಕಟ್ಟಪ್ಪಣೆ.

ನಿನ್ನೆ ಸಂಜೆ ಪಕ್ಕದ ಮನೆಯಾಕೆ ಹರಟೆಗೆ ಬಂದಳು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅಲ್ಲೇ ಎಸೆದು ರೊಟ್ಟಿಯಮ್ಮ ಮಗಳನ್ನು ಒಳಕೋಣೆಗೆ ನೂಕಿದರು. ಮಗಳನ್ನು ಬಚ್ಚಿಡುವ ಗಡಿಬಿಡಿಯಲ್ಲಿ ರೊಟ್ಟಿಗೆ ಹೊದಿಸುವುದನ್ನೇ ಮರೆತರು.

ಈಗ ಬೆಳಗಿನ ಪೂಜೆಗೆ ಒಂದು ಬಿಲ್ಲೆಯೂ ಇಲ್ಲ. ಕೋಣೆಯ ಹೊಸ್ತಿಲಿಂದ ಮಗಳು ಮೆಲ್ಲಗೆ ಹೇಳುತ್ತಾಳೆ, "ಅಮ್ಮ, ನೀರು ಕಾಯಿಸು. ಉಳಿದ ಹಾಳೇನ ಹಬೆ ಮೇಲೆ ಹಿಡಿದ್ರೆ ಮೆತ್ತಗಾಗತ್ತೆ. ಮಠದಲ್ಲಿ ಎಷ್ಟೋ ಸಲ ನಾನೇ ಮಾಡಿದ್ದೀನಿ."

ರೊಟ್ಟಿಯಮ್ಮ ತಲೆ ಎತ್ತದೆ ಸರಿದು ಜಾಗ ಬಿಡುತ್ತಾರೆ. ಮಗಳು ಹಬೆಗೆ ಹಿಡಿದು ಕೊಡುತ್ತಾಳೆ, ತಾಯಿ ಒತ್ತುತ್ತಾರೆ. ಮಠದ ಅನ್ನ ತಿಂದದ್ದು ಇಷ್ಟಕ್ಕಾದರೂ ಆಯಿತಲ್ಲ ಎಂದು ಮಗಳು ನಗಿಸಲು ನೋಡುತ್ತಾಳೆ. ತಾಯಿಗೆ ನಗು ಬರುವುದಿಲ್ಲ.

ಬಿಲ್ಲೆಗಳ ಡಬ್ಬಿ ಒಯ್ಯಲು ಬಂದ ಚರ್ಚಿನ ಗಂಟೆ ಬಾರಿಸುವ ತಾತ ಒಲೆಯ ಬಳಿ ಮಗಳನ್ನು ಕಾಣುತ್ತಾರೆ. "ಏನಮ್ಮ, ಸಿಸ್ಟರ್ ರಜಕ್ಕೆ ಬಂದ್ರಾ?"

ಹೂಂ ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮಗಳು ಹಬೆಯನ್ನೇ ನೋಡುತ್ತಿದ್ದಾಳೆ.

"ಇಲ್ಲ ತಾತ. ಮಠ ಬಿಟ್ಟು ಮನೆಗೆ ಬಂದಿದ್ದಾಳೆ. ತಿಂಗಳಾಯ್ತು. ನಾನೇ ಬಚ್ಚಿಟ್ಟಿದ್ದೆ."

ತಾತ ಡಬ್ಬಿ ಎತ್ತಿಕೊಂಡು, ರೊಟ್ಟಿ ಇನ್ನೂ ಬಿಸಿಯಿದೆಯಲ್ಲ ಎಂದಷ್ಟೇ ಹೇಳಿ ಹೊರಡುತ್ತಾರೆ.

ರೊಟ್ಟಿಯಮ್ಮನ ಆಸೆ ದೊಡ್ಡದೇನಲ್ಲ. "ಭಾನುವಾರ ಇವಳ ಜೊತೆ ಹಿಂದಿನ ಬೆಂಚಲ್ಲಿ ಕೂರ್ಬೇಕು. ದೇವರಿಗೆ ಕೊಟ್ಟೆ ಅಂತ ಮೆರೆದೆ. ಆತ ತಿರುಗಿ ಕೊಟ್ಟಾಗ ಇಸ್ಕೊಳ್ಳೋಕೆ ನಾಚ್ಕೊಂಡೆ. ಈಗ ಬಾ ಅಂತ ಇವಳನ್ನ ಕರೆಯೋಕೆ ನನಗೆ ಮುಖ ಇಲ್ಲ."

ಒಲೆಯ ಕಡೆಯಿಂದ ಮಗಳು ತಿರುಗದೆಯೇ ಕೇಳುತ್ತಾಳೆ, "ಮುಂದಿನ ಬಾಗಿಲಿಂದಾನೇ ಹೋಗೋದು ತಾನೇ, ಅಮ್ಮ?"