ಷಡ್ಡಕನ ಮೀನಿಗೆ ಮೈಲುತುತ್ತ

ಗಾಜಿನ ತೊಟ್ಟಿ ಒಡೆಯಬಹುದು. ಒಡೆಯದಿದ್ದರೆ ಸೋರಬಹುದು. ಸೋರದಿದ್ದರೆ ಬೆಕ್ಕು ಕೈ ಹಾಕಬಹುದು. ಕರೆಂಟು ಹೋಗಿ, ನೀರಿಗೆ ಗಾಳಿ ಊದುವ ಪುಟ್ಟ ಯಂತ್ರ ನಿಂತು, ಮೀನುಗಳು ಉಸಿರುಗಟ್ಟಬಹುದು. ಕರೆಂಟು ಹೋಗದಿದ್ದರೆ ಅದೇ ಯಂತ್ರದಿಂದ ಶಾಕ್ ಹೊಡೆದು ಮೀನುಗಳ ಜೊತೆಗೆ ನಾನೂ ಹೋಗಬಹುದು. ಆಗುಂಬೆ ಘಾಟಿಯಲ್ಲಿ ಮರ ಬಿದ್ದು, ಬಸ್ಸು ನಿಂತು, ಸಮುದ್ರದ ನೀರು ಬಾರದೆ ಹೋಗಬಹುದು. ಬಂದ ನೀರನ್ನು ಯಾರಾದರೂ ನೆಂಟರು ಬಾಯಾರಿ ಕುಡಿದುಬಿಡಬಹುದು. ಮೀನುಗಳು ಊಟ ಬಿಡಬಹುದು, ಊಟ ಮಿತಿಮೀರಬಹುದು, ಒಂದು ಇನ್ನೊಂದನ್ನೇ ಊಟ ಮಾಡಬಹುದು. ಇದಾವುದೂ ಆಗದಿದ್ದರೆ, ಕಡೆಯದಾಗಿ, ಕಾಯಿಲೆ ಬರಬಹುದು.

ನನ್ನ ಷಡ್ಡಕ ಶೇಷಪ್ಪ ತನ್ನ ಮೀನಿನ ತೊಟ್ಟಿಯನ್ನು ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಇಳಿಸುತ್ತಿದ್ದಾಗ ನಾನು ಮನಸ್ಸಿನಲ್ಲೇ ಮಾಡಿಕೊಂಡ ಪಟ್ಟಿ ಇದು. ಶೇಷಪ್ಪನಿಗೆ ಮಂಗಳೂರಿನಲ್ಲಿ ಮೀನಿನ ಇಲಾಖೆಯಲ್ಲಿ ಕೆಲಸ. ದ್ವೀಪಗಳ ಕಡೆಯಿಂದ ಬಂದ ಹಡಗಿನವರು ಯಾರೋ ಅವನಿಗೆ ಎರಡು ಮೀನು ಕೊಟ್ಟಿದ್ದರು. ಹೆಬ್ಬೆರಳಿನಷ್ಟು ಉದ್ದ, ಕಿತ್ತಳೆ ಬಣ್ಣ, ಮೈಮೇಲೆ ವಿಭೂತಿ ಎಳೆದಂತೆ ಬಿಳಿಯ ಪಟ್ಟೆ. ಅವನಿಗೆ ಬೊಂಬಾಯಿಯಲ್ಲಿ ತರಬೇತಿ ಬಂತು. ಹೆಂಡತಿ ಗಿರಿಜಕ್ಕನೂ ಜೊತೆಗೆ ಹೊರಟರು. ಮೀನುಗಳನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಬಂದಾಗ ನನ್ನ ಹೆಂಡತಿ ಸರೋಜ ಅಕ್ಕನ ಮುಂದೆ ಹೇಳಿಬಿಟ್ಟಳು: "ಅದಕ್ಕೆಂತ, ನಮ್ಮನೆಯವ್ರು ನೋಡ್ಕೊಳ್ತಾರೆ."

ಬಸ್ಸು ಹತ್ತಿದ ಮೇಲೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಇಳಿದು ಹೋಗಿ ನೋಡಿ ಬರುವವನು ನಾನು. ನನ್ನನ್ನು ಕಟ್ಟಿಕೊಂಡು ಇಷ್ಟು ವರ್ಷವಾದರೂ, ಬೇರೆಯವರೆದುರು ಅವಳು ನನ್ನ ಪರವಾಗಿ ಜಾಮೀನು ನಿಂತದ್ದು ಅದೇ ಮೊದಲು. ಷಡ್ಡಕ ಎಂದರೆ ಏನೆಂದು ನಿಮಗೆ ಗೊತ್ತು. ಒಂದೇ ಮನೆಯ ಅಳಿಯಂದಿರು ಜೀವನಪೂರ್ತಿ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕುಳಿತಿರುತ್ತಾರೆ. ತೂಗುವವರು ಹೆಂಡಂದಿರು. ಈ ಸಲ ನನ್ನ ತಟ್ಟೆಯಲ್ಲಿ ಎರಡು ಮೀನು ಬಿದ್ದಿದ್ದವು.

ಮೀನು ಸಾಕುವುದು ಹೊಸ ಹುಚ್ಚೇನಲ್ಲ. ಹೈಸ್ಕೂಲಿನಲ್ಲಿ ಕನ್ನಡ ಹೇಳುವ ನಾನು ಪುರಾಣ ತೆಗೆಯದೆ ಬಿಡುವುದುಂಟೆ? ಮೊಟ್ಟಮೊದಲು ಮೀನು ಸಾಕಿದವನು ಮನು. ಬೊಗಸೆಗೆ ಬಂದ ಮೀನನ್ನು ಕಮಂಡಲುವಿಗೆ, ಅಲ್ಲಿಂದ ಕೊಳಕ್ಕೆ, ಕೊಳದಿಂದ ಸಮುದ್ರಕ್ಕೆ ಸಾಗಿಸಿದ. ಅವನ ಮೀನು ಸಾಕ್ಷಾತ್ ವಿಷ್ಣು. ಪ್ರಳಯದ ಮುನ್ಸೂಚನೆಯನ್ನೂ ಕೊಟ್ಟಿತು. ನನ್ನ ಮೀನುಗಳು ಬೆಳೆಯಲೂ ಇಲ್ಲ, ಮುನ್ಸೂಚನೆಯನ್ನೂ ಕೊಡಲಿಲ್ಲ. ಅಲ್ಲದೆ ಮನು ಮೀನು ತಿನ್ನುವ ಮನೆಯವನಾಗಿರಲಿಕ್ಕಿಲ್ಲ. ನಮ್ಮದು ತಿನ್ನುವ ಮನೆ. ಒಳಗೆ ಬಾಣಲೆಯಲ್ಲಿ ಬಂಗುಡೆ ಚುರ್ರೆನ್ನುವಾಗ ಜಗಲಿಯಲ್ಲಿ ಇವೆರಡೂ ಗಾಜಿಗೆ ಮೂತಿ ಒತ್ತಿ ನನ್ನನ್ನೇ ನೋಡುತ್ತಿದ್ದವು. ನಾನು ತೊಟ್ಟಿಗೆ ಬೆನ್ನು ಹಾಕಿ ಊಟಕ್ಕೆ ಕೂರುವುದನ್ನು ರೂಢಿ ಮಾಡಿಕೊಂಡೆ.

ಬಂಗುಡೆ ಬುಟ್ಟಿ ಬರುವ ಬಸ್ಸಿನಲ್ಲೇ ನನಗೆ ಜಾಡಿಗಳಲ್ಲಿ ಸಮುದ್ರದ ನೀರೂ ಬರುತ್ತಿತ್ತು. ಕಂಡಕ್ಟರ್ ಮೊದಲ ದಿನವೇ ಬಸ್ಸಿನವರಿಗೆಲ್ಲ ಕೇಳುವಂತೆ, "ಎಂತ ಮೇಷ್ಟ್ರೇ, ಊರವ್ರೆಲ್ಲ ಮೀನು ತರ್ಸಿದ್ರೆ ನೀವು ಮೀನು ಬಿಟ್ಟು ಬರೀ ನೀರು ತರ್ಸ್ತೀರಲ್ಲ" ಎಂದ. ಅಂದಿನಿಂದ ಊರಿನಲ್ಲಿ ನನಗೆ ಉಪ್ಪುನೀರು ಮೇಷ್ಟ್ರು ಎಂದೇ ಹೆಸರಾಯಿತು.

ಇನ್ನು ಕರೆಂಟು. ನಾಡಿಗೆಲ್ಲ ದೀಪ ಹಚ್ಚುವ ಶರಾವತಿ ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದರೂ ನಮ್ಮ ಬೀದಿಗೆ ಅವಳ ಕೃಪೆ ಮನಸ್ಸು ಬಂದಾಗ ಮಾತ್ರ. ಕರೆಂಟು ಹೋದಾಗಲೆಲ್ಲ ನಾನು ಸೈಕಲ್ ಪಂಪು ಹಿಡಿದು ತೊಟ್ಟಿಗೆ ಗಾಳಿ ಹೊಡೆಯುತ್ತಿದ್ದೆ. ಸೈಕಲ್ ಇಲ್ಲದವನ ಮನೆಯಲ್ಲಿ ಪಂಪು ಏಕೆ ಎಂದು ಕೇಳಿದವರಿಗೆ ಉತ್ತರ ಹೇಳುವುದೇ ಒಂದು ವ್ಯಾಯಾಮವಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ದೊಡ್ಡ ಮೀನಿನ ಮೈಮೇಲೆ ಸಣ್ಣ ರವೆ ಉದುರಿದಂತೆ ಬಿಳಿ ಚುಕ್ಕೆಗಳು ಕಂಡವು. ಸಂಜೆಗೆ ಚಿಕ್ಕದಕ್ಕೂ ಬಂದವು. ಎರಡೂ ತೊಟ್ಟಿಯ ಕಲ್ಲಿಗೆ ಮೈ ಉಜ್ಜತೊಡಗಿದವು. ಶೇಷಪ್ಪ ಹೋಗುವಾಗ ಇದನ್ನೂ ಹೇಳಿ ಹೋಗಿದ್ದ. ಅದು ಚರ್ಮಕ್ಕೆ ಅಂಟಿಕೊಂಡು ಬದುಕುವ, ಕಣ್ಣಿಗೆ ಕಾಣದ ಹುಳುವಿನ ಕೆಲಸವಂತೆ. ಮದ್ದು ಮೈಲುತುತ್ತ. ಒಂದಿಷ್ಟನ್ನು ಬಾಟಲಿಯ ನೀರಿನಲ್ಲಿ ಕರಗಿಸಿಟ್ಟುಕೊಂಡು, ಇಂಕ್ ಫಿಲ್ಲರಿನಿಂದ ಲೆಕ್ಕದ ಹನಿ ಬಿಡಬೇಕು. ಹನಿ ಕಡಿಮೆಯಾದರೆ ಹುಳು ಬದುಕುತ್ತದೆ, ಹೆಚ್ಚಾದರೆ ಮೀನು ಸಾಯುತ್ತದೆ.

ಪರೋಪಜೀವಿಗಳ ವಿಷಯದಲ್ಲಿ ನನಗೆ ಸ್ವಲ್ಪ ಗೌರವವೇ ಇದೆ. ಜಾಣ ಪರೋಪಜೀವಿ ಆಶ್ರಯ ಕೊಟ್ಟವನನ್ನು ಕೊಲ್ಲುವುದಿಲ್ಲ. ಮದುವೆಗೆ ಬಂದು ಮಳೆಗಾಲ ಮುಗಿಸಿ ಹೋಗುವ ನೆಂಟನಂತೆ, ಮನೆಯವರು ಉಸಿರಾಡಿಕೊಂಡಿರುವಷ್ಟು ಬಿಟ್ಟು ಉಳಿದದ್ದನ್ನು ತಿನ್ನುತ್ತದೆ. ನನ್ನ ಚಿಂತೆ ಆ ಜಾತಿಯದು. ನಲವತ್ತೈದು ದಾಟಿದರೂ ನನ್ನನ್ನು ಕೊಂದಿಲ್ಲ. ಆದರೆ ತೊಟ್ಟಿಯ ಹುಳುವಿಗೆ ಅಷ್ಟು ಸಂಸ್ಕಾರವಿದ್ದಂತೆ ಕಾಣಲಿಲ್ಲ.

ಮೈಲುತುತ್ತಕ್ಕೆ ನಮ್ಮ ಸೀಮೆಯಲ್ಲಿ ಬರವೆ? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯೇ ಅದು. ಮೇಗರವಳ್ಳಿಯಲ್ಲಿರುವ ಭಾವಮೈದ ಮಂಜಪ್ಪನಿಗೆ, ಮೀನಿಗೆ ಸ್ವಲ್ಪ ಮೈಲುತುತ್ತ ಬೇಕು ಎಂದು ಅದೇ ಕಂಡಕ್ಟರನ ಕೈಲಿ ಹೇಳಿ ಕಳಿಸಿದೆ. ಮರುದಿನವೇ ಮಂಜಪ್ಪ ಬಂದ. ಅಕ್ಕನ ಮನೆಯ ಕಷ್ಟಕ್ಕೆ ಆಗುವ ಮನುಷ್ಯ. ನನಗೆ ತೊಂದರೆ ಬೇಡವೆಂದು ಕರಗಿಸಿ, ಸೋಸಿ, ಬಾಟಲಿ ತುಂಬಿಕೊಂಡೇ ಬಂದಿದ್ದ. ನಾನು ಫಿಲ್ಲರಿನಲ್ಲಿ ಇಂಕು ಉಳಿದಿದ್ದರೆ ಎಂಬ ಹೊಸ ಚಿಂತೆಯಲ್ಲಿ ಅದನ್ನು ಒಳಗೆ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಮಂಜಪ್ಪ ತೊಟ್ಟಿಗೆ ಮದ್ದು ಹಾಕಿಯಾಗಿತ್ತು. ತೊಟ್ಟಿಯ ತುಂಬ ನೀಲಿ ಮಜ್ಜಿಗೆ. ಮೀನು ಕಾಣಲಿಲ್ಲ.

"ಇದೆಂತದು ಹಾಕಿದ್ದು, ಮಂಜಪ್ಪ?"

"ಮೈಲುತುತ್ತ ಭಾವ. ಸುಣ್ಣ ಬೆರ್ಸಿದೀನಿ."

"ಸುಣ್ಣ ಯಾಕೆ?"

ಅವನು ನನ್ನನ್ನು ಪೇಟೆಯವನನ್ನು ನೋಡುವಂತೆ ನೋಡಿದ. "ಸುಣ್ಣ ಹಾಕ್ದೆ ಹೊಡೆದ್ರೆ ಸುಟ್ಟು ಹೋಗ್ತದಲ್ಲ."

ಸುಡುವುದಕ್ಕೆ ಅಡಿಕೆ ಗೊನೆ ಎಲ್ಲಿತ್ತು? ಆದರೆ ಮಂಜಪ್ಪನನ್ನು ಬಯ್ಯುವುದು ಹೇಗೆ? ನಮ್ಮ ಕಡೆಯ ಯಾವ ಮನುಷ್ಯನ ಕೈಗೆ ಮೈಲುತುತ್ತ ಕೊಟ್ಟರೂ ಇನ್ನೊಂದು ಕೈ ತಾನಾಗಿ ಸುಣ್ಣಕ್ಕೆ ಹೋಗುತ್ತದೆ. ನಾನೇ ಕರಗಿಸಿದ್ದರೂ ಸುಣ್ಣದ ಡಬ್ಬಿ ಹುಡುಕುತ್ತಿದ್ದೆನೋ ಏನೋ.

ನಾನು ಏನೇನಾಗಬಹುದು ಎಂದು ಎಣಿಸುತ್ತ ನಿಂತಿದ್ದೆ. ಸರೋಜ ಎಣಿಸಲಿಲ್ಲ. ಚಹಾ ಸೋಸುವ ಜಾಲರಿ ತಂದು, ನೀಲಿ ಮಜ್ಜಿಗೆಯೊಳಗೆ ತಡಕಾಡಿ, ಎರಡನ್ನೂ ಎತ್ತಿ ಪಕ್ಕದಲ್ಲಿದ್ದ ಬಕೆಟ್ಟಿಗೆ ಹಾಕಿದಳು. ಅದು ಬೆಳಿಗ್ಗೆಯಷ್ಟೇ ತುಂಗಾ ಹೊಳೆಯಿಂದ ತಂದ ನೀರು. ಸಮುದ್ರದ ಮೀನಿಗೆ ಸಿಹಿನೀರು. ಎರಡೂ ಪಕ್ಕಕ್ಕೆ ವಾಲಿದವು.

"ಅಕ್ಕನಿಗೆ ಮಾತು ಕೊಟ್ಟವಳು ನಾನು," ಎಂದಳು ಅವಳು, ಬಕೆಟ್ಟಿನಿಂದ ಕಣ್ಣು ತೆಗೆಯದೆ. "ಇವು ಹೋದ್ರೆ ನೀವು ಎಂತ ಹೇಳ್ಬೇಡಿ. ನಾನೇ ಹೇಳ್ತೀನಿ."

ಆ ಮಾತಿನಲ್ಲಿ ಸಿಟ್ಟಿದ್ದರೆ ಸಹಿಸಬಹುದಿತ್ತು. ಇರಲಿಲ್ಲ. ನಾನೂ ಮಂಜಪ್ಪನೂ ತೊಟ್ಟಿ ಬರಿದು ಮಾಡಿ, ತಿಕ್ಕಿ, ಜಾಡಿಗಳಲ್ಲಿದ್ದ ಉಪ್ಪುನೀರನ್ನೆಲ್ಲ ಸುರಿದೆವು. ಆ ವೇಗದಲ್ಲಿ ನಾನು ಜೀವಮಾನದಲ್ಲಿ ಯಾವ ಕೆಲಸವನ್ನೂ ಮಾಡಿದವನಲ್ಲ. ಚಿಂತೆಗೆ ಪುರುಸೊತ್ತೇ ಸಿಗಲಿಲ್ಲ. ಮೀನುಗಳನ್ನು ಮರಳಿ ಬಿಟ್ಟೆವು. ಚಿಕ್ಕದು ತಳಕ್ಕಿಳಿದು ಅಲ್ಲೇ ಮಲಗಿತು. ನಾವು ಮೂವರೂ ಸುತ್ತ ಕುಕ್ಕರುಗಾಲಲ್ಲಿ ಕುಳಿತೆವು. ಬಹಳ ಹೊತ್ತಾದ ಮೇಲೆ ಅದರ ಬಾಲ ಒಮ್ಮೆ ಅಲ್ಲಾಡಿತು. ಸರೋಜ ಎದ್ದು ಒಳಗೆ ಹೋಗಿ ಮಂಜಪ್ಪನಿಗೆ ಕಾಫಿಗೆ ಇಟ್ಟಳು.

ಮರುದಿನ ನೋಡಿದರೆ ಚುಕ್ಕೆ ಅರ್ಧಕ್ಕರ್ಧ ಇಳಿದಿತ್ತು. ಆಮೇಲೆ ಸುಣ್ಣ ಸೋಕದ ಮೈಲುತುತ್ತವನ್ನು ನಾನೇ ಕರಗಿಸಿ, ಹನಿ ಹನಿಯಾಗಿ ಬಿಟ್ಟೆ. ಉಳಿದದ್ದೂ ನಿಧಾನಕ್ಕೆ ಹೋಯಿತು. ಪರಶುರಾಮನ ಕೊಡಲಿಗೆ ಅಂಟಿದ, ತಾಯಿಯ ತಲೆ ಕಡಿದ ರಕ್ತವನ್ನೇ ತೊಳೆದ ನೀರು ನಮ್ಮೂರ ಹೊಳೆಯದು. ಎರಡು ಮೀನಿನ ಹುಳು ಅದಕ್ಕೆಷ್ಟರದು ಎಂದು ಸರೋಜ. ತೋಟಕ್ಕೆ ಹೊಡೆಯುವ ಮದ್ದಿಗೆ ತುಂಗೆಯ ಸಾಕ್ಷಿ ಬೇಡ ಎಂದು ಮಂಜಪ್ಪ. ತನ್ನ ಸುಣ್ಣದಿಂದಲೂ ಒಂದಿಷ್ಟು ಗುಣ ಕಂಡಿರಬಹುದು ಎಂದು ಆಮೇಲೆ ಸಣ್ಣಗೆ ಸೇರಿಸಿದ. ಆ ಮೀನುಗಳಷ್ಟು ಬೇಗ ಪಾಪ ಕಳೆದುಕೊಂಡ ಯಾವ ಯಾತ್ರಿಕನನ್ನೂ ನಾನು ನಮ್ಮೂರ ಹೊಳೆಯ ಮೆಟ್ಟಿಲ ಮೇಲೆ ಕಂಡಿಲ್ಲ.

ತರಬೇತಿ ಮುಗಿಸಿ ಶೇಷಪ್ಪ, ಗಿರಿಜಕ್ಕ ಬಂದರು. ಶೇಷಪ್ಪ ತೊಟ್ಟಿಯನ್ನು ಸುತ್ತು ಹಾಕಿ, ಬಗ್ಗಿ, ಕನ್ನಡಕ ಏರಿಸಿ ನೋಡಿದ. ದೋಷ ಹುಡುಕುತ್ತಿದ್ದನೆಂದು ನನಗೆ ಗೊತ್ತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಸಿಗಲಿಲ್ಲ. ಗಿರಿಜಕ್ಕ ತಂಗಿಯನ್ನು ನೋಡಿ ನಕ್ಕರು. ಸರೋಜ ಸೆರಗು ಸರಿಮಾಡಿಕೊಂಡಳು. ಆ ಕ್ಷಣದಲ್ಲಿ ತಕ್ಕಡಿಯ ನನ್ನ ತಟ್ಟೆ ನೆಲಕ್ಕೆ ತಾಗಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

ತೊಟ್ಟಿ ಒಡೆದಿರಲಿಲ್ಲ, ಸೋರಿರಲಿಲ್ಲ. ಬೆಕ್ಕು ಮೂಸಿಯೂ ನೋಡಿರಲಿಲ್ಲ. ಬಸ್ಸು ಬಂದಿತ್ತು, ಶಾಕ್ ಹೊಡೆದಿರಲಿಲ್ಲ, ಉಪ್ಪುನೀರು ಯಾವ ನೆಂಟನ ಹೊಟ್ಟೆಯನ್ನೂ ಸೇರಿರಲಿಲ್ಲ. ಕಾಯಿಲೆಯೂ ಬಂದು ಹೋಗಿತ್ತು.

ಶೇಷಪ್ಪ ನೆಟ್ಟಗೆ ನಿಂತು, ತನಗೆ ಸಾಗರಕ್ಕೆ ವರ್ಗವಾಗಿದೆ, ಲಿಂಗನಮಕ್ಕಿಯ ಹೊಸ ಹಿನ್ನೀರಿಗೆ ಮರಿ ಬಿಡುವ ಕೆಲಸ, ಇನ್ನು ತನ್ನದೆಲ್ಲ ಸಿಹಿನೀರಿನ ವ್ಯವಹಾರ ಎಂದ. ಆಮೇಲೆ ತೊಟ್ಟಿಯ ಮೇಲೆ ಕೈಯಿಟ್ಟು, "ಇವು ಇಲ್ಲೇ ಇರ್ಲಿ ಮಾರಾಯ್ರೆ. ನಿಮ್ಮ ಕೈ ಹೊಂದಿದೆ," ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಸರೋಜ ಹೇಳಿಯಾಗಿತ್ತು: "ಅದಕ್ಕೆಂತ, ನಮ್ಮನೆಯವ್ರು ನೋಡ್ಕೊಳ್ತಾರೆ."

ಮೀನುಗಳು ಸಾಯುವ ಬಗೆಗಳನ್ನೆಲ್ಲ ನಾನು ಯೋಚಿಸಿಟ್ಟಿದ್ದೆ. ಬದುಕಿಬಿಟ್ಟರೆ ಏನು ಮಾಡುವುದು ಎಂಬುದೊಂದನ್ನು ಬಿಟ್ಟು.