ಗೋಡೆಯ ಮೇಲೆ ಹತ್ತು ದಿನ ಇವರ ಸಂಬಳ

ನನ್ನ ಗಂಡನ ಸಂಬಳವನ್ನು ನಾನು ಮೊದಲ ಸಲ ಅಚ್ಚಿನಲ್ಲಿ ಓದಿದ್ದು ಅವರ ಆಫೀಸಿನ ಗೋಡೆಯ ಮೇಲೆ, ಕಾಫಿ ಮೆಷಿನ್ನಿನ ಪಕ್ಕದಲ್ಲಿ. ಹುದ್ದೆ, ಊರು, ವರ್ಷಕ್ಕೆ ಇಷ್ಟು ಡಾಲರ್. ಹೆಸರಿರಲಿಲ್ಲ. ಆ ಸಣ್ಣ ಆಫೀಸಿನಲ್ಲಿ ವೀಸಾದ ಮೇಲಿದ್ದವರು ಇವರೊಬ್ಬರೇ. ಹೆಸರು ಬೇರೆ ಯಾಕೆ ಬೇಕು?

ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನ ಸಂಬಳ ಎಷ್ಟೆಂದು ಅಮ್ಮನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳುವುದು ಅಸಭ್ಯ, ಹೇಳಿಕೊಂಡರೆ ದೃಷ್ಟಿ. ಇಲ್ಲಿ ನೋಡಿದರೆ ಕಾಫಿಗೆ ಸಕ್ಕರೆ ಹಾಕಿಕೊಳ್ಳುವವರೆಲ್ಲ ಓದುತ್ತಿದ್ದಾರೆ.

"ಅದು ಕಾನೂನು ಕಣೇ," ಎಂದರು ಇವರು. ಹೊರದೇಶದವರನ್ನು ತಾತ್ಕಾಲಿಕವಾಗಿ ಕೆಲಸಕ್ಕಿಟ್ಟುಕೊಳ್ಳುವ ಕಂಪನಿ ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು: ಇಲ್ಲಿಯವರಿಗೆ ಸಿಗುವಷ್ಟೇ ಸಂಬಳ ಕೊಡುತ್ತೇವೆ, ಇಲ್ಲಿಯವರ ಕೆಲಸಕ್ಕೆ ಧಕ್ಕೆ ತರುವುದಿಲ್ಲ ಎಂದು. ಅದನ್ನು ಕೆಲಸದ ಜಾಗದಲ್ಲಿ ಎರಡು ಕಡೆ, ಕಣ್ಣಿಗೆ ಬೀಳುವಂತೆ, ಹತ್ತು ದಿನ ಅಂಟಿಸಬೇಕು. ಹತ್ತು ದಿನ ಪೂರ್ತಿಯಾದ ಮೇಲೆಯೇ ವೀಸಾ ಅರ್ಜಿ ಕಳಿಸುವುದು ಇವರ ಕಂಪನಿಯ ಪದ್ಧತಿ. ಇವರ ವೀಸಾದ ಮೂರು ವರ್ಷ ಡಿಸೆಂಬರಿಗೆ ಮುಗಿಯುತ್ತಿತ್ತು. ಮುಂದಿನ ಮೂರು ವರ್ಷ ಆ ಹಾಳೆಯ ಮೇಲೆ ನಿಂತಿತ್ತು.

ಮೊದಲೆರಡು ವರ್ಷ ನಾವು ಶಿಕಾಗೋ ಪಕ್ಕದ ಲೊಂಬಾರ್ಡ್‌ನಲ್ಲಿದ್ದೆವು. ಅಲ್ಲಿ ಕರಿಬೇವು ಬೇಕಾದರೆ ಎದುರು ಮನೆಯ ಬಾಗಿಲು ತಟ್ಟಿದರೆ ಸಾಕಿತ್ತು, ಲೈಬ್ರರಿಗೆ ನಡೆದೇ ಹೋಗಬಹುದಿತ್ತು. ಡೆಟ್ರಾಯಿಟ್ ಕಡೆಯ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದ ಮೇಲೆ ತಿಳಿಯಿತು, ನಡೆಯುವವರಿಗೆ ಇಲ್ಲಿ ದಾರಿಯೇ ಇಲ್ಲ. ಹಾಲಿಗೂ ಕಾರು, ಮಾತಿಗೂ ಕಾರು.

ನನಗೆ ಡ್ರೈವಿಂಗ್ ಕಲಿಸಿದ್ದು ಪ್ಯಾಮ್. ಇವರ ಆಫೀಸಿನ ಮುಂದಿನ ಮೇಜಿನಲ್ಲಿ ಕೂರುವ, ಕಾಗದಪತ್ರವನ್ನೆಲ್ಲ ನೋಡಿಕೊಳ್ಳುವ ಐವತ್ತು ದಾಟಿದ ಹೆಂಗಸು. ಅವಳ ಗಂಡನಿಗೆ ಆ ವರ್ಷವೇ ಕಾರಿನ ಕಾರ್ಖಾನೆಯಲ್ಲಿ ಲೇಆಫ್ ಆಗಿತ್ತು. ಅಂದರೆ, ತಪ್ಪೇನೂ ಇಲ್ಲದೆ ಮನೆಗೆ ಕಳಿಸುವುದು. ಆ ಚಳಿಗಾಲಕ್ಕೆ ಮುಂಚೆ ಆ ಪದವನ್ನು ನಾನು ದಿನಕ್ಕೊಂದು ಸಲವಾದರೂ ಕೇಳುತ್ತಿದ್ದೆ. "ಬ್ರೇಕ್ ಒತ್ತು ಅಂದ್ರೆ ಅದರ ಮೇಲೆ ಎದ್ದು ನಿಂತ್ಕೋಬೇಡ ಹನೀ," ಎಂದು ನಗುವಳು. ಲೈಸೆನ್ಸ್ ಸಿಕ್ಕ ದಿನ ನನಗಿಂತ ಅವಳೇ ಹೆಚ್ಚು ಕುಣಿದಳು.

ದೀಪಾವಳಿಗೆ ಆಫೀಸಿನಲ್ಲಿ ಪಾಟ್‌ಲಕ್ ಇಡೋಣ ಎಂದವಳೂ ಅವಳೇ. ಒಬ್ಬೊಬ್ಬರೂ ಒಂದೊಂದು ಅಡುಗೆ ತಂದು ಹಂಚಿ ತಿನ್ನುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನಾನು ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಆಹ್ವಾನ ಬರೆದು, ಸುತ್ತ ರಂಗೋಲಿ ಬಿಡಿಸಿ, ಅಂಟಿಸಲು ಹೋದೆ. ಆಗಲೇ ಆ ಹಾಳೆ ಕಂಡದ್ದು. ಅಂಟಿಸಿ ನಾಲ್ಕು ದಿನವಾಗಿತ್ತು. ಗೋಡೆಯಲ್ಲಿ ಬೇರೆ ಜಾಗ ಬೇಕಾದಷ್ಟಿತ್ತು. ಆದರೂ ನನ್ನ ಕೈ ರಂಗೋಲಿಯನ್ನು ಸರಿಯಾಗಿ ಆ ಸಂಬಳದ ಮೇಲೆಯೇ ಅಂಟಿಸಿತು. ದೃಷ್ಟಿ ತಗಲದಿರಲಿ ಎಂದಷ್ಟೇ. ಕಾನೂನು ಇವರು ಹೇಳಿದ್ದು ಆ ರಾತ್ರಿ. ಒಂದು ಹಾಳೆ ಮುಚ್ಚಿದರೆ ಏನಾದೀತು, ಇನ್ನೊಂದು ಇದೆಯಲ್ಲ ಎಂದುಕೊಂಡು ಸುಮ್ಮನಾದೆ.

ಪಾಟ್‌ಲಕ್ಕಿನ ದಿನ ಎಲ್ಲರೂ ಬಿಸಿಬೇಳೆಭಾತ್ ತಿಂದು ಕಣ್ಣೊರೆಸಿಕೊಳ್ಳುತ್ತಿದ್ದಾಗ, ನೆನಪಿಗೆ ಇಟ್ಟುಕೊಳ್ಳುತ್ತೇನೆಂದು ಪ್ಯಾಮ್ ನನ್ನ ರಂಗೋಲಿಯ ಹಾಳೆಯನ್ನು ಗೋಡೆಯಿಂದ ಕಿತ್ತುಕೊಂಡಳು. ಕೆಳಗಿನ ಹಾಳೆ ಕಂಡು ಅವಳ ನಗು ನಿಂತಿತು.

"ಇದನ್ನ ಮುಚ್ಚಿದ್ದು ಯಾರು?"

"ನಾನೇ."

"ಎಷ್ಟು ದಿನ ಆಯ್ತು?"

ಇವರು ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ಇವತ್ತೇ ಅಂಟಿಸಿದೆ ಎಂದಿದ್ದರೆ ಮುಗಿಯುತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ತಿದ್ದಿದ ನಾಲಿಗೆ. "ಆರು ದಿನ," ಎಂದೆ.

"ಹತ್ತು ದಿನ ಎಲ್ಲರಿಗೂ ಕಾಣ್ತಿತ್ತು ಅಂತ ನಾನು ಸಹಿ ಹಾಕ್ಬೇಕು ಹನೀ. ಗೊತ್ತಿದ್ದೂ ಗೊತ್ತಿದ್ದೂ ಹೇಗೆ ಹಾಕ್ಲಿ?" ಮೆಲ್ಲಗೆ ಹೇಳಿ, ಹೊಸ ಹಾಳೆ ತಂದು, ಹೊಸ ತಾರೀಖು ಹಾಕಿದಳು. ಹತ್ತು ದಿನದ ಎಣಿಕೆ ಮತ್ತೆ ಒಂದರಿಂದ.

ಎರಡನೆಯ ಎಣಿಕೆಯ ಏಳನೆಯ ದಿನ ಮುಖ್ಯ ಕಚೇರಿಯಿಂದ ಯಾರೋ ಬಂದರು. ಸಾಮಾನು ತುಂಬಿಕೊಂಡು ಮನೆಗೆ ಹೊರಡಿ ಎಂದು ಐದು ಜನಕ್ಕೆ ರಟ್ಟಿನ ಡಬ್ಬ ಕೊಟ್ಟರು. ಅವರಲ್ಲಿ ಇಬ್ಬರದು ಇವರದೇ ಕೆಲಸ. ಒಬ್ಬಳು ಪ್ಯಾಮ್. ಇಲ್ಲಿಯವರನ್ನು ಕಳಿಸಿ ಹೊರಗಿನವರನ್ನು ಇಟ್ಟುಕೊಂಡಿದ್ದೇವೆ ಎನಿಸೀತೆಂದು ಕಂಪನಿ ಅರ್ಜಿಯನ್ನು ಕಳಿಸಲೇ ಇಲ್ಲ. ಬೇರೆ ಕಂಪನಿಗಳಿಗೆ ಇವರು ಬರೆದದ್ದೇ ಬರೆದದ್ದು. ಕೆಲಸದಲ್ಲಿ ಇದ್ದವರನ್ನೇ ಕಳಿಸುವ ಕಾಲದಲ್ಲಿ ಯಾರು ಕರೆಯುತ್ತಾರೆ?

"ಅರ್ಜಿ ಮುಂಚೆ ಹೋಗಿದ್ರೂ ನಿಲ್ತಿತ್ತೋ ಇಲ್ವೋ. ಬಿಡು," ಎಂದರು ಇವರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆ "ಬಿಡು"ವನ್ನು ಎಲ್ಲಿ ಇಳಿಸಿಡಲಿ?

ಸಾಮಾನು ಕಟ್ಟುವ ದಿನ ಪ್ಯಾಮ್ ಬಂದಳು. ನಾನು ಅವಳ ಮುಖ ನೋಡಲಾರದೆ ಬಟ್ಟೆ ಮಡಚುತ್ತಿದ್ದೆ. "ನಾನು ಅವತ್ತು ಕಣ್ಮುಚ್ಚಿ ಸಹಿ ಹಾಕ್ಬಹುದಿತ್ತು," ಎಂದಳು. "ನಾನು ಸುಳ್ಳು ಹೇಳಬಹುದಿತ್ತು," ಎಂದೆ. ಇಬ್ಬರೂ ನಗಲು ನೋಡಿದೆವು, ಆಗಲಿಲ್ಲ. ಅವಳ ಮನೆಯನ್ನೂ ಬ್ಯಾಂಕಿನವರು ಹಿಡಿದುಕೊಳ್ಳುವವರಿದ್ದರು. ಹೊರಡುವಾಗ ನನ್ನ ಗಲ್ಲ ಮುಟ್ಟಿ, "ನಿನಗೆ ಹೋಗೋಕೆ ಒಂದು ಊರಾದ್ರೂ ಇದೆಯಲ್ಲ," ಎಂದಳು.

ಆ ಸಂಜೆ ಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಬರುತ್ತಿದ್ದೇವೆ ಎಂದೆ. ಅವಳ ದನಿ ಉಕ್ಕಿತು. "ಅಯ್ಯೋ, ಬಾರೇ! ನಡುಮನೆ ಖಾಲಿ ಮಾಡಿಸ್ತೀನಿ. ಗೆಸ್ಟ್ ಬಂದಾಗ ಹಾಸೋ ಹೊಸ ಹಾಸಿಗೆ ಇದೆ. ಅದ್ಸರಿ, ವಾಪಸ್ ಟಿಕೆಟ್ ಯಾವತ್ತಿಗೆ?"

ಕಿಟಕಿಯಾಚೆ ಆ ವರ್ಷದ ಮೊದಲ ಹಿಮ ನಮ್ಮ ಕಾರಿನ ಮೇಲೆ ಕೂರುತ್ತಿತ್ತು. "ನೋಡಿ ಹೇಳ್ತೀನಿ ಅಕ್ಕ," ಎಂದೆ.