ದೀಪಸ್ತಂಭದ ಕೆಳಗೆ ಅಮ್ಮನ ಸೀರೆ

ನಾನು ಚಿಕ್ಕವಳಿದ್ದಾಗ ಒಂದು ಸಂಜೆ ಸಮುದ್ರ ನನ್ನ ಅಮ್ಮನ ಸೀರೆಯನ್ನು ಎಳೆದುಕೊಂಡು ಹೋಯಿತು. ಕಥೆ ಕಟ್ಟುತ್ತಿಲ್ಲ ಮಕ್ಕಳೇ, ನನ್ನ ಕಣ್ಣೆದುರಿಗೇ ನಡೆದದ್ದು. ಇಷ್ಟು ವರ್ಷವಾದ ಮೇಲೂ ಅದನ್ನು ನೆನೆದರೆ ನನ್ನ ಕೈ ತಾನಾಗಿಯೇ ಎದೆಯ ಮೇಲೆ ಹೋಗುತ್ತದೆ.

ಎಪ್ಪತ್ತರ ದಶಕದ ಮಾತು. ಆ ವರ್ಷವಷ್ಟೇ ನಾವು ಮೈಸೂರಿನಿಂದ ಅಮೆರಿಕದ ಮೌಂಟನ್ ವ್ಯೂಗೆ ಬಂದಿದ್ದೆವು. ಈಗ ನೀವು ನೋಡುವ ದೊಡ್ಡ ದೊಡ್ಡ ಗಾಜಿನ ಆಫೀಸುಗಳು ಆಗ ಇರಲಿಲ್ಲ. ನಮ್ಮ ಬಾಡಿಗೆ ಅಪಾರ್ಟ್‌ಮೆಂಟಿನ ಹಿಂದೆ ಹಣ್ಣಿನ ಮರಗಳ ಹಳೆಯ ತೋಟವೊಂದು ಉಳಿದುಕೊಂಡಿತ್ತು. ಇಡೀ ಕಟ್ಟಡದಲ್ಲಿ ಒಗ್ಗರಣೆಯ ವಾಸನೆ ಬರುತ್ತಿದ್ದದ್ದು ನಮ್ಮ ಕಿಟಕಿಯಿಂದ ಮಾತ್ರ. ಅಪ್ಪ ಎಂಜಿನಿಯರು. ಅಕ್ಕನೂ ನಾನೂ ಮೈಸೂರಿನ ಕಾನ್ವೆಂಟಿನಲ್ಲಿ ಓದಿದವರು. ಅಲ್ಲಿ ಸಿಸ್ಟರುಗಳು ಮಾಡಿಸಿದ ಅಭ್ಯಾಸ ನನಗಿನ್ನೂ ಬಿಟ್ಟಿರಲಿಲ್ಲ. ಎಲ್ಲಿ ಬೋರ್ಡು ಕಂಡರೂ ನೆಟ್ಟಗೆ ನಿಂತು, ಕೈ ಹಿಂದೆ ಕಟ್ಟಿ, ಗಟ್ಟಿಯಾಗಿ ಓದುತ್ತಿದ್ದೆ.

ಅಕ್ಕ ಮಾತ್ರ ಇಲ್ಲಿನ ಹೈಸ್ಕೂಲಿಗೆ ಸೇರಿದ ಕೆಲವೇ ವಾರಗಳಲ್ಲಿ ಬೇರೆಯವಳಾಗಿಬಿಟ್ಟಿದ್ದಳು. ಅಮ್ಮ ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ. ಆ ವಾರವಂತೂ ಸೊಂಟ ದಾಟಿದ್ದ ತನ್ನ ಜಡೆಯನ್ನು ಗೆಳತಿಯ ಮನೆಯಲ್ಲಿ ಕತ್ತರಿಸಿಕೊಂಡು, ಕಿವಿಯ ಕೆಳಗೆ ನಿಲ್ಲುವ ಕೂದಲನ್ನು ಹಾರಿಸಿಕೊಂಡು ಬಂದಳು. ಅಮ್ಮ ಬೈಯುತ್ತಾಳೆ ಎಂದುಕೊಂಡೆ. ಬೈಯಲೇ ಇಲ್ಲ. ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲುವವರೆಗೂ ಆ ಕೂದಲನ್ನೇ ನೋಡುತ್ತ ನಿಂತಿದ್ದಳು. ಹುಟ್ಟಿದಾಗಿನಿಂದ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ತಾನೇ ಬೆಳೆಸಿದ ಕೂದಲು ಅದು.

ಮಾರನೆಯ ದಿನ ಅಡುಗೆಮನೆಯಲ್ಲಿ ಅಮ್ಮ ಅಪ್ಪನಿಗೆ ಹೇಳುವುದು ಕೇಳಿಸಿತು. "ಇವಳನ್ನ ವಾಪಸ್ ಮೈಸೂರಿಗೆ ಕಳಿಸಿಬಿಡೋಣ ರೀ. ಕಾನ್ವೆಂಟಿನ ಹಾಸ್ಟೆಲಲ್ಲಿ ಇರ್ಲಿ. ಇಲ್ಲಿದ್ರೆ ಇವಳು ನಮ್ಮ ಮಗಳಾಗಿ ಉಳಿಯಲ್ಲ." ಅಪ್ಪ, ಸೋಮವಾರ ಟಿಕೆಟ್ಟಿಗೆ ಏಜೆಂಟನ್ನು ಕೇಳುತ್ತೇನೆ ಎಂದರು. ಆ ಊರಿನಲ್ಲಿ ನನಗೆ ಬೇರೆ ಯಾರೂ ಗೊತ್ತಿರಲಿಲ್ಲ. ಅಕ್ಕ ಮುಖ ಗಂಟಿಕ್ಕಿಕೊಂಡಿದ್ದರೂ ಸರಿ, ಪಕ್ಕದ ಮಂಚದ ಮೇಲೆ ಇರಬೇಕಿತ್ತು.

ಭಾನುವಾರ ಅಪ್ಪ ಎಲ್ಲರನ್ನೂ ಕಾರಿಗೆ ಹತ್ತಿಸಿದರು. ಹಾಫ್ ಮೂನ್ ಬೇ ಎಂಬ ಊರು ದಾಟಿ ದಕ್ಷಿಣಕ್ಕೆ ಹೋದರೆ ಕಡಲಂಚಿನಲ್ಲಿ ಹಳೆಯ ದೀಪಸ್ತಂಭವೊಂದಿದೆ, ಸೂರ್ಯಾಸ್ತ ನೋಡಿ ಬರೋಣ ಎಂದರು. ಫೋಟೋ ತೆಗೆದು ಊರಿಗೆ ಕಳಿಸುವುದಿತ್ತಲ್ಲ, ಅಮ್ಮ ನವಿಲು ಬಣ್ಣದ ಮೈಸೂರು ರೇಷ್ಮೆ ಸೀರೆ ಉಟ್ಟು, ಭುಜಕ್ಕೆ ಪಿನ್ನು ಹಾಕಿಕೊಂಡಿದ್ದಳು. ಕೆಳಗೆ ಬಿಳಿಯ ಕ್ಯಾನ್ವಾಸ್ ಶೂ. ಅಕ್ಕ ಆ ಶೂ ನೋಡಿ ಕಣ್ಣು ಮುಚ್ಚಿಕೊಂಡಳು.

ದಾರಿಯುದ್ದಕ್ಕೂ ಗೋಲಿಯಷ್ಟು ಚಿಕ್ಕ ಎಲೆಕೋಸು ಬೆಳೆಯುವ ಹೊಲಗಳು. ಬೇಯಿಸಿದ ಕೋಸಿನಂಥ ವಾಸನೆಯೂ ಉಪ್ಪುಗಾಳಿಯೂ ಒಟ್ಟಿಗೆ ಕಾರಿನೊಳಗೆ ಬರುತ್ತಿದ್ದವು. ಅಮ್ಮನೂ ಅಕ್ಕನೂ ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದರು. ಅವರ ನಡುವೆ ನಾನೇ ಅಂಚೆಯವಳು.

"ಅವಳಿಗೆ ಪುಳಿಯೋಗರೆ ಬೇಕಾ ಕೇಳೇ," ಎಂದಳು ಅಮ್ಮ.

ಪಕ್ಕದಲ್ಲೇ ಕೂತಿದ್ದ ಅಕ್ಕನನ್ನು ಕೇಳಿದೆ. "ನಾಟ್ ಹಂಗ್ರಿ," ಎಂದಳು.

"ಹಸಿವಿಲ್ವಂತೆ ಅಮ್ಮ."

"ಅಷ್ಟು ಇಂಗ್ಲಿಷು ನನಗೂ ಬರುತ್ತೆ, ಹೇಳು ಅವಳಿಗೆ."

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಮೀಸೆಯಡಿಯಲ್ಲಿ ನಕ್ಕರು.

ದೀಪಸ್ತಂಭ ಬೆಳ್ಳಗೆ, ಎತ್ತರವಾಗಿ ಬಂಡೆಯ ತುದಿಯಲ್ಲಿ ನಿಂತಿತ್ತು. ಒಳಗೆ ಸುರುಳಿ ಸುರುಳಿಯಾದ ಕಬ್ಬಿಣದ ಮೆಟ್ಟಿಲು. ಕೈಗೆ ತಣ್ಣಗೆ ತುಕ್ಕು ಹತ್ತುತ್ತಿತ್ತು. ಮೇಲೆ ಮನುಷ್ಯರಿಗಿಂತ ದೊಡ್ಡದಾದ ಗಾಜಿನ ಮಸೂರ, ಗಾಜಿನಿಂದಲೇ ಮಾಡಿದ ಜೇನುಗೂಡಿನ ಹಾಗೆ. ಹಿಂದೆ ಇಲ್ಲಿ ಕಾವಲುಗಾರರ ಹೆಂಡಿರು ಮಕ್ಕಳೂ ಸರದಿಯ ಮೇಲೆ ಎಣ್ಣೆಯ ದೀಪ ನೋಡಿಕೊಳ್ಳುತ್ತಿದ್ದರು, ಈಗ ಯಾರೂ ಬೇಕಿಲ್ಲ, ಕತ್ತಲಾಗುವ ಹೊತ್ತಿಗೆ ಬೆಳಕು ತಾನೇ ಹತ್ತಿಕೊಳ್ಳುತ್ತದೆ ಎಂದು ಅಲ್ಲಿದ್ದ ಹೆಂಗಸು ವಿವರಿಸಿದಳು. ಅಮ್ಮನಿಗೆ ನಂಬಿಕೆಯಾಗಲಿಲ್ಲ. "ಮನೇಲಿ ಹೆಣ್ಣುಮಕ್ಕಳಿಲ್ಲದೆ ಸಂಜೆ ದೀಪ ಹತ್ತುತ್ತಾ? ನಾನು ನೋಡಿಯೇ ಬರೋದು," ಎಂದಳು.

ಹಾಗಾಗಿ ಸಂಜೆ ನಾವು ಪಕ್ಕದ ಸಣ್ಣ ಮರಳುದಂಡೆಗೆ ಇಳಿದೆವು. ಇಳಿಯುವ ದಾರಿಯಲ್ಲಿ ಒಂದು ಬೋರ್ಡಿತ್ತು. ನಾನು ಕೈ ಹಿಂದೆ ಕಟ್ಟಿ ಓದಿ, ಅಮ್ಮನಿಗೆ ಕನ್ನಡದಲ್ಲಿಯೂ ಹೇಳಿದೆ. ಕಡಲಿಗೆ ಎಂದೂ ಬೆನ್ನು ತೋರಿಸಬೇಡಿ ಎಂದು ಬರೆದಿತ್ತು.

ಅಮ್ಮ ಅಲ್ಲಿಯೇ ನಿಂತುಬಿಟ್ಟಳು. "ನೋಡಿದ್ರೇನ್ರೀ! ಸಮುದ್ರರಾಜ ಅಂದ್ರೆ ಇವರಿಗೂ ಎಷ್ಟು ಭಕ್ತಿ! ದೇವಸ್ಥಾನದಲ್ಲಿ ನಾವು ದೇವರಿಗೆ ಬೆನ್ನು ಹಾಕದೆ ಹಿಂದೆ ಹಿಂದೆ ಸರಿದು ಬರ್ತೀವಲ್ಲ, ಹಾಗೇ."

"ಇರಬಹುದು ಕಣೇ," ಎಂದರು ಅಪ್ಪ, ಕ್ಯಾಮರಾ ಸರಿಮಾಡುತ್ತ. ನಮ್ಮ ನಾಲ್ವರಲ್ಲಿ ಒಬ್ಬರಿಗೂ ಬೇರೆ ಅರ್ಥ ಹೊಳೆಯಲಿಲ್ಲ. ಅಮ್ಮ ಶೂ ಬಿಚ್ಚಿಟ್ಟಳು. ಬರಿಗಾಲಲ್ಲಿ ನೀರಿನ ಅಂಚಿಗೆ ಹೋಗಿ, ಬಗ್ಗಿ ಒಂದು ಬೊಗಸೆ ತೆಗೆದು ತಲೆಗೆ ಪ್ರೋಕ್ಷಿಸಿಕೊಂಡು, "ಅಯ್ಯಯ್ಯೋ, ಫ್ರಿಜ್ಜಿನ ನೀರು!" ಎಂದು ಕಿರುಚಿ ನಕ್ಕಳು. ಆ ವಾರದಲ್ಲಿ ಅಮ್ಮ ನಕ್ಕದ್ದು ಅದೇ ಮೊದಲು.

ಅಲೆಗಳು ಸಣ್ಣವು. ಬಂದು ಕಾಲು ಮುಟ್ಟಿ ಹೋಗುತ್ತಿದ್ದವು. ಒಬ್ಬ ಅಮೆರಿಕನ್ ಅಜ್ಜಿ ಮೇಲೆ ಒಣಮರಳಿನಲ್ಲಿ ಕಂಬಳಿ ಹಾಸಿ ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ ಸೂರ್ಯನ ಫೋಟೋ ತೆಗೆಯುತ್ತಿದ್ದ. ಸೂರ್ಯ ನೀರಿಗೆ ತಗಲುತ್ತಲೇ ಅಂಗೈಯಲ್ಲಿ ಒತ್ತಿದ ಉಂಡೆಯ ಹಾಗೆ ಚಪ್ಪಟೆಯಾದ. ಆಮೇಲೆ ಇಲ್ಲವಾದ. ಆಗಲೇ ನಮ್ಮ ಹಿಂದೆ, ಮೇಲೆ, ಬೆಳಕು ಮಿಂಚಿತು.

"ದೀಪ ಹತ್ತಿತು! ಎಲ್ಲಾರೂ ಕೈ ಮುಗೀರಿ," ಎಂದಳು ಅಮ್ಮ. ಮನೆಯಲ್ಲಿ ಸಂಜೆ ದೀಪ ಹಚ್ಚಿದ ಕೂಡಲೇ ಎಲ್ಲಿದ್ದರೂ ಅದರ ಕಡೆ ತಿರುಗಿ ಕೈ ಮುಗಿಯುವುದು ನಮ್ಮ ಪದ್ಧತಿ. ಬೋರ್ಡಿನ ನೆನಪಾಗಿರಬೇಕು, ಅಮ್ಮ ಮೊದಲು ಸಮುದ್ರದ ಕಡೆ ನೋಡಿ, "ಒಂದೇ ನಿಮಿಷ, ತಪ್ಪು ತಿಳ್ಕೋಬೇಡಪ್ಪ," ಎಂದು ಬೇಡಿಕೊಂಡು, ಆಮೇಲೆ ತಿರುಗಿದಳು. ಅಪ್ಪನೂ ನಾನೂ ತಿರುಗಿ ಕಣ್ಣು ಮುಚ್ಚಿದೆವು.

"ಅಮ್ಮಾ, ಪೀಪಲ್ ಆರ್ ವಾಚಿಂಗ್!" ಎಂದಳು ಅಕ್ಕ. ಕೈ ಮುಗಿಯಲಿಲ್ಲ. ಮುನಿಸಿಕೊಂಡು, ನಮಗೆಲ್ಲ ಬೆನ್ನು ಹಾಕಿ ಸಮುದ್ರ ನೋಡುತ್ತ ನಿಂತಳು.

ಕಣ್ಣು ಮುಚ್ಚಿದ್ದ ನನಗೆ ಮೊದಲು ಕೇಳಿಸಿದ್ದು ಅಕ್ಕನ ಉಸಿರು. ಒಳಗೆ ಎಳೆದುಕೊಂಡ ಒಂದು ಉಸಿರು, ಅಷ್ಟೇ. ಆಮೇಲೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ನಾನು ಕಣ್ಣು ಬಿಡುವಷ್ಟರಲ್ಲಿ ನೀರು ನನ್ನ ಎದೆಯವರೆಗೆ ಬಂದು ಹೊಡೆಯಿತು. ಅದು ನೀರಿನ ಹಾಗೆ ಇರಲಿಲ್ಲ, ಗೋಡೆಯ ಹಾಗಿತ್ತು. ಅಪ್ಪ ನನ್ನ ಫ್ರಾಕಿನ ಕಾಲರು ಹಿಡಿದು ಮೇಲಕ್ಕೆ ಎಸೆದೇ ಬಿಟ್ಟರು. ನಾನು ಒಣಮರಳಿನ ಮೇಲೆ ಬಿದ್ದೆ. ಅಪ್ಪನೂ ಬಿದ್ದರು, ಅವರ ಕನ್ನಡಕ ಹೋಯಿತು. ಎದ್ದು ನೋಡಿದರೆ ಅಮ್ಮ ಇದ್ದ ಜಾಗದಲ್ಲಿ ಅಮ್ಮ ಇರಲಿಲ್ಲ.

ಅಮ್ಮ ಕೆಳಗೆ, ಬಂಡೆಗಳ ಹತ್ತಿರ, ನೊರೆಯಲ್ಲಿ ಮೊಣಕಾಲೂರಿ ಬಿದ್ದಿದ್ದಳು. ನೀರು ಹಿಂದಕ್ಕೆ ಹೋಗುತ್ತ ಅವಳನ್ನು ಎಳೆಯುತ್ತಿತ್ತು. ಸೆರಗು ಬಂಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ನೆನೆದು ಮರಳು ತುಂಬಿದ ನೆರಿಗೆ ಕಾಲಿಗೆ ಸುತ್ತಿಕೊಂಡು, ಏಳಲು ಹೋದರೆ ಬೀಳುತ್ತಿದ್ದಳು. ಅಕ್ಕ ಆಗಲೇ ಅವಳ ಬಳಿ ಇದ್ದಳು. ಯಾವಾಗ ಓಡಿದಳೋ ನಾನು ನೋಡಲೇ ಇಲ್ಲ.

"ಸೀರೆ ಬಿಡಮ್ಮಾ!" ಅಕ್ಕ ಕೂಗಿದಳು, ಕನ್ನಡದಲ್ಲಿ.

ಅಮ್ಮ ಎರಡೂ ಕೈಯಿಂದ ಸೊಂಟದ ಹತ್ತಿರ ಸೀರೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಬೇಡ್ವೇ! ಜನ ಇದ್ದಾರೆ, ಜನ ನೋಡ್ತಾರೆ!"

"ನೋಡಿದ್ರೆ ನೋಡ್ಲಿ! ಇನ್ನೊಂದು ಬರ್ತಾ ಇದೆ, ಬಿಡೂ!"

ನಿಜ, ಹಿಂದೆ ಇನ್ನೊಂದು ಏಳುತ್ತಿತ್ತು, ಬೂದು ಬಣ್ಣದ್ದು. ಅಕ್ಕ ಅಮ್ಮನ ಬೆರಳುಗಳನ್ನು ಬಿಡಿಸಿ, ಸೊಂಟದಿಂದ ನೆರಿಗೆಯನ್ನು ಕಿತ್ತಳು. ಭುಜದ ಪಿನ್ನನ್ನು ಬಟ್ಟೆಯ ಸಮೇತ ಹರಿದಳು. ಮನೆಯಲ್ಲಿ ಒಂದು ಬಕೆಟ್ಟು ಎತ್ತು ಎಂದರೆ ಕೈನೋವು ಎನ್ನುತ್ತಿದ್ದವಳು, ಅಮ್ಮನ ಕಂಕುಳಿಗೆ ಕೈ ಕೊಟ್ಟು ದರದರನೆ ಮೇಲಕ್ಕೆ ಎಳೆದಳು. ಅಪ್ಪ ತಡವರಿಸುತ್ತ ಓಡಿ ಇನ್ನೊಂದು ಕೈ ಹಿಡಿದರು. ಎರಡನೆಯ ಅಲೆ ಬಂದು, ಅವರ ಹಿಮ್ಮಡಿಯವರೆಗೆ ಹರಿದು, ನವಿಲು ಬಣ್ಣದ ಸೀರೆಯನ್ನು ಬಂಡೆಯಿಂದ ಬಿಡಿಸಿಕೊಂಡು ಹಿಂದಿರುಗಿತು. ಸ್ವಲ್ಪ ಹೊತ್ತು ಜರಿಯ ಅಂಚು ನೀರಿನ ಮೇಲೆ ಹೊಳೆಯಿತು.

ಯಾರೂ ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ಶಕ್ತಿ ಬೇಕಾಗುತ್ತದೆ. ಫೋಟೋ ತೆಗೆಯುತ್ತಿದ್ದ ತಾತ ಥಟ್ಟನೆ ನಮ್ಮ ಕಡೆ ಬೆನ್ನು ತಿರುಗಿಸಿ ನಿಂತುಬಿಟ್ಟ. ಅಜ್ಜಿ ತನ್ನ ಕಂಬಳಿಯನ್ನು ಪರದೆಯ ಹಾಗೆ ಎತ್ತಿ ಹಿಡಿದು ಬಂದು ಅಮ್ಮನಿಗೆ ಸುತ್ತಿದಳು. ಈ ಕಡಲಲ್ಲಿ ಎಷ್ಟೋ ಹೊತ್ತು ಸಣ್ಣ ಅಲೆಗಳೇ ಬರುತ್ತವೆ, ಆಮೇಲೆ ಹೇಳದೆ ಕೇಳದೆ ಒಂದು ದೊಡ್ಡದು ಬಂದು ಜನರನ್ನು ಎಳೆದೊಯ್ಯುತ್ತದೆ, ಅದಕ್ಕೇ ಆ ಬೋರ್ಡು ಹಾಕಿದ್ದಾರೆ ಎಂದು ಅವಳು ಹೇಳಿದಾಗ ಅಪ್ಪ ಮರಳಿನ ಮೇಲೆ ಹಾಗೇ ಕುಸಿದು ಕೂತರು.

ಕಾರಿನ ಡಿಕ್ಕಿಯಲ್ಲಿ ಅಕ್ಕನ ಸ್ಕೂಲಿನ ಆಟದ ಬಟ್ಟೆಯಿತ್ತು. ಅಮ್ಮ ತನ್ನ ಜೀವನದಲ್ಲಿ ಮೊದಲ ಬಾರಿಗೆ ಪ್ಯಾಂಟು ಹಾಕಿಕೊಂಡದ್ದು ಅವತ್ತು. ಬದಿಯಲ್ಲಿ ಬಿಳಿ ಪಟ್ಟೆಯಿದ್ದ ಕೆಂಪು ಪ್ಯಾಂಟು, ಹಣೆಯಲ್ಲಿ ಅರ್ಧ ಅಳಿಸಿದ ಕುಂಕುಮ. ಮುಂದೆ ಕೂರದೆ ಹಿಂದಿನ ಸೀಟಿಗೆ ಬಂದು, ಅಕ್ಕನ ಪಕ್ಕದಲ್ಲಿ ಕೂತಳು. ಇಬ್ಬರ ಹಲ್ಲೂ ಕಟಕಟ ಎನ್ನುತ್ತಿದ್ದವು. ಹಳೆಯ ಕನ್ನಡಕ ಹುಡುಕಿ ಹಾಕಿಕೊಂಡು ಕಾರು ಓಡಿಸುತ್ತಿದ್ದ ಅಪ್ಪ ಬಹಳ ದೂರ ಹೋದ ಮೇಲೆ, ತಿರುಗದೆಯೇ, ಮೆಲ್ಲಗೆ ಕೇಳಿದರು. "ನಾಳೆ ಆ ಏಜೆಂಟಿಗೆ ಏನಂತ ಹೇಳ್ಲಿ?"

ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

"ಯಾವ ಏಜೆಂಟು? ಮೊದಲು ಹೀಟರು ಜಾಸ್ತಿ ಮಾಡಿ," ಎಂದಳು ಅಮ್ಮ. "ಹುಡುಗಿ ನಡುಗ್ತಾ ಇದ್ದಾಳೆ."

ಮನೆಗೆ ಬಂದು ಬಿಸಿನೀರಿನ ಸ್ನಾನವಾದ ಮೇಲೆ ಅಮ್ಮ ಅಕ್ಕನನ್ನು ನೆಲದ ಮೇಲೆ ಕೂರಿಸಿಕೊಂಡು ತಲೆ ಬಾಚಿದಳು. ನೆತ್ತಿಯಿಂದ ಬಾಚಣಿಗೆ ಎಳೆದರೆ ಕಿವಿಯ ಕೆಳಗೆ ಕೂದಲು ಮುಗಿದುಹೋಗುತ್ತಿತ್ತು, ಅಮ್ಮನ ಕೈ ಮಾತ್ರ ಅಭ್ಯಾಸಬಲದಿಂದ ಸೊಂಟದವರೆಗೂ ಗಾಳಿಯಲ್ಲಿ ಇಳಿಯುತ್ತಿತ್ತು. ಮತ್ತೆ ನೆತ್ತಿಯಿಂದ ಶುರು. ಅಕ್ಕ ಸಾಕು ಎನ್ನಲಿಲ್ಲ. ಮೈಸೂರಿನ ಹಾಸ್ಟೆಲಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಈಗ ಸ್ಯಾನ್ ರಮೋನಿನ ನಿಮ್ಮ ಮನೆಯಿಂದ ನೀವು ಬೀಚಿಗೆ ಹೊರಟರೆ, ಅಂದು ಅಲೆ ಎಷ್ಟು ಎತ್ತರ ಏಳುತ್ತದೆ ಎಂದು ನಿಮ್ಮಮ್ಮನ ಫೋನೇ ಹೇಳಿಬಿಡುತ್ತದೆ. ನೀವು ತಲೆಗೆ ಯಾವ ಬಣ್ಣ ಹಚ್ಚಿಕೊಂಡು ಬಂದರೂ ಅವಳು ಕೂತು ಮಾತಾಡುತ್ತಾಳೆಯೇ ಹೊರತು ಯಾರನ್ನೂ ಎಲ್ಲಿಗೂ ಕಳಿಸುವ ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಕೂತು ಮಾತಾಡುವುದೇ ಇರಲಿಲ್ಲ. ನೀನಿಲ್ಲದೆ ನನಗಾಗುವುದಿಲ್ಲ ಎನ್ನುವುದನ್ನು ಹೀಟರಿನ ಮೇಲೆ ಹಾಕಿ ಹೇಳಬೇಕಾಗಿತ್ತು. ನೀವೋ, ಪ್ರತಿ ಸಲ ಫೋನಿಡುವಾಗ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ "ಲವ್ ಯೂ ಅಜ್ಜಿ" ಎಂದುಬಿಡುತ್ತೀರಿ. ಮೊದಲ ಸಲ ಕೇಳಿದಾಗ ನನಗೆ ಎಂಥ ಶಾಕ್ ಆಯಿತು ಗೊತ್ತೇ! "ಊಟ ಮಾಡಿದ್ಯಾ" ಎಂದೇ ಉತ್ತರ ಕೊಟ್ಟೆ. ಇನ್ನು ಮೇಲೆ ಹಾಗೆ ಹೇಳಿದ ಕೂಡಲೇ ಫೋನು ಇಟ್ಟುಬಿಡಬೇಡಿ ಮಕ್ಕಳೇ, ಸ್ವಲ್ಪ ಕಾಯಿರಿ. ತಿರುಗಿ ಹೇಳುವುದನ್ನು ನಾನಿನ್ನೂ ಕಲಿಯುತ್ತಿದ್ದೇನೆ.